ಫಲಾನುಭವಿಗಳ ಸಂಖ್ಯೆ

ಮಾರ್ಚ್ ಮೂವತ್ತೊಂದು. ರಾತ್ರಿ ಹನ್ನೊಂದೂವರೆ.
ಫಾರಮ್ಮಿನ ಏಳನೇ ಕಲಮು ಕೇಳುತ್ತದೆ:
ಫಲಾನುಭವಿಗಳ ಸಂಖ್ಯೆ ಎಷ್ಟು?
ಗಂಡು, ಹೆಣ್ಣು, ಇತರೆ.

ಇತರೆ ಎಂಬಲ್ಲಿ ಬೆರಳು ನಿಂತಿದೆ.

ಜುವಾರಿಯ ಅಳಿವೆಯಲ್ಲಿ, ಚಿಖಲಿಯ ಕೆಸರಲ್ಲಿ
ಮೊಣಕಾಲುದ್ದ ಇಳಿದು ಕೈಯಾಡಿಸಿದರೆ
ಸಿಗುವ ಚಿಪ್ಪು, ಇಲ್ಲಿಯವರ ಬಾಯಲ್ಲಿ ಮೆಂಡ್ಯೊ:
ಅಂಗೈಯಗಲ, ಹಪ್ಪಳದಷ್ಟು ತೆಳು,
ಬಿಸಿಲಿಗೆ ಹಿಡಿದರೆ ಆಚೆಗಿನ ಬೆರಳು ಮಸುಕಾಗಿ ಕಾಣುತ್ತದೆ.
ಗಾಜು ದುಬಾರಿಯಿದ್ದ ಕಾಲದಲ್ಲಿ
ಇದನ್ನೇ ಚೌಕ ಕತ್ತರಿಸಿ ಕಿಟಕಿಗೆ ಕೂರಿಸುತ್ತಿದ್ದರಂತೆ
ದೊಡ್ಡ ಮನೆಗಳಲ್ಲಿ.
ನಮ್ಮದು ಬಾಯ್ನಾದ ತಗಡಿನ ಮನೆ.
ಕಿಟಕಿಗೆ ಸಿಮೆಂಟು ಚೀಲ.

ಅಪ್ಪ ಬಾದಾಮಿ ಕಡೆಯವನು. ಬಂದರಿನಲ್ಲಿ
ಅದಿರು ಹೊತ್ತ. ರಾತ್ರಿ ಕೆಂಪಗೆ ಕೆಮ್ಮುತ್ತಿದ್ದ.
ಅಂಥದೇ ಒಂದು ಅದಿರಿನ ಕಂಪನಿ
ಹತ್ತು ಲಕ್ಷ ಕೊಡುತ್ತೇವೆ ಎಂದಾಗ
ಮೂರು ಸಭೆ ಮಾಡಿ, ಬೇಡವೆಂದು ಬರೆದು,
ಮರುದಿನ ದೋಣಿಯ ಎಂಜಿನ್ನಿಗಾಗಿ
ಒಂದು ಬಳೆ ಒತ್ತೆಯಿಟ್ಟವಳು ನಾನು.
ಧೈರ್ಯವೆಂದು ತಿಳಿಯಬೇಡಿ.
ಇವತ್ತಿಗೂ ಆ ಹತ್ತು ಲಕ್ಷ ಕನಸಲ್ಲಿ ಬಂದು
ಊಟ ಆಯ್ತಾ ಎಂದು ಕೇಳುತ್ತದೆ.

ಸಂಸ್ಥೆಯೆಂದರೆ ಒಟ್ಟು ನಾಲ್ಕೂವರೆ ಜನ.
ಕಾಯ್ತಾನ್ ದೋಣಿ ನಡೆಸುತ್ತಾನೆ,
ಹೊಳೆಗೆ ಸಿಟ್ಟು ಬಂದದ್ದು ಮೊದಲು ಅವನ ಮೊಣಕಾಲಿಗೆ ಗೊತ್ತಾಗುತ್ತದೆ.
ಲವೀನಾ ಎಂಎಸ್ಸಿ; ಚಿಪ್ಪು ಅಳೆದು ಮರಳಿ ಮಲಗಿಸುವಾಗ
ಸಾರಿ ಎನ್ನುತ್ತಾಳೆ, ಪ್ರತಿಯೊಂದಕ್ಕೂ.
ಲೆಕ್ಕದಲ್ಲಿ ಏಳು ರೂಪಾಯಿ ಹೆಚ್ಚು ಬಂದರೂ
ನಾಗ್ವೇಕರ್ ಮಾಮನಿಗೆ ನಿದ್ದೆಯಿಲ್ಲ.
ಆಮೇಲೆ ನಾನು.
ಅರ್ಧ ಎಂದರೆ ಕಾಸಿಯಾನಾ:
ತಿಂಗಳಲ್ಲಿ ಹದಿನೈದು ದಿನ ನಮ್ಮ ಕಾವಲುಗಾರ್ತಿ,
ಉಳಿದ ಹದಿನೈದು ದಿನ ಅದೇ ಕೆಸರಲ್ಲಿ
ಮೆಂಡ್ಯೊ ಕಿತ್ತು ವಾಸ್ಕೋ ಪೇಟೆಯಲ್ಲಿ ಮಾರುವವಳು.

ಟ್ರಸ್ಟಿಗಳು ಕೇಳಿದರು: ಇದೆಂಥ ಆಡಳಿತ?
ನಾನೂ ಅವಳನ್ನು ಕೇಳಿದೆ, ಒಂದು ದಿನ, ಇಳಿತದ ಹೊತ್ತಿಗೆ.
ಬುಟ್ಟಿ ಕೆಳಗಿಟ್ಟಳು.
ಬಾಯೆ, ಸಂಬಳ ಹದಿನೈದು ದಿನದ್ದು,
ಹೊಟ್ಟೆ ಮೂವತ್ತು ದಿನದ್ದು.
ಹೇಳಿದ್ದು ಕೊಂಕಣಿಯಲ್ಲಿ. ನನಗೆ ಕೇಳಿಸಿದ್ದು
ಅವ್ವನ ದನಿಯಲ್ಲಿ, ಬಾದಾಮಿಯ ಕನ್ನಡದಲ್ಲಿ.

ಆಮೇಲೆ ಆ ಸಾರ್ವಜನಿಕ ಅಹವಾಲಿನ ದಿನ.
ವಿಹಾರದೋಣಿಗಳ ಕಟ್ಟೆ ಕಟ್ಟುವವರ ಬಿಳಿ ಶಾಮಿಯಾನ,
ಹೆಸರು ಕೂಗಿ ನಾನು ಮೈಕು ಹಿಡಿದಾಗ
ಹಿಂದಿನ ಸಾಲಿನಿಂದ ಯಾರೋ,
ಘಾಟಿ, ನಿನಗೇನು ಗೊತ್ತು ನಮ್ಮ ಹೊಳೆ, ಅಂದ.
ಇಲ್ಲೇ ಹುಟ್ಟಿದ ನಲವತ್ತೊಂದು ವರ್ಷ
ಒಟ್ಟಿಗೆ ಗಂಟಲಿಗೆ ಬಂತು.
ಅಂಕಿಅಂಶದ ಹಾಳೆ ಬೆವರಿಗೆ ಒದ್ದೆಯಾಯಿತು.

ಎದ್ದವಳು ಕಾಸಿಯಾನಾ.
ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.
ಬುಟ್ಟಿಯಿಂದ ಒಂದು ಚಿಪ್ಪು ತೆಗೆದು
ಅಧಿಕಾರಿಯ ಫೈಲಿನ ಮೇಲಿಟ್ಟಳು, ಜೀವಂತ.
ಕಾಯ್ದೆಯ ಪ್ರಕಾರ ಅವಳನ್ನು ಅಲ್ಲೇ ಹಿಡಿಯಬಹುದಿತ್ತು.
ಅದು ಇಡೀ ಸಭೆಯೆದುರು
ತುಸುವೇ ಬಾಯಿ ತೆರೆದು, ನೀರು ಉಗುಳಿ, ಮುಚ್ಚಿಕೊಂಡಿತು.
ಫೈಲು ನೆನೆಯಿತು.
ನಡಾವಳಿಯಲ್ಲಿ ಇದು ದಾಖಲಾಗಿಲ್ಲ.

ಕಟ್ಟೆ ನಿಂತಿತೇ ಎಂದು ಕೇಳುತ್ತಾರೆ. ಇಲ್ಲ, ಮುಂದೂಡಿದೆ.
ನಮ್ಮ ಕಸುಬಿನಲ್ಲಿ ಗೆಲುವೆಂದರೆ ಅಷ್ಟೇ,
ಮುಂದಿನ ತಾರೀಖು.

ಈಗ ಹನ್ನೊಂದು ಐವತ್ತು.
ಚಿಪ್ಪಿನ ಗಂಡುಹೆಣ್ಣು ಹೊರಗಿನಿಂದ ತಿಳಿಯದು,
ಬಿಚ್ಚಿದರೆ ಸಾಯುತ್ತದೆ, ಎಂದಿದ್ದಾಳೆ ಲವೀನಾ.
ಹೋದ ವರ್ಷದ ಎಣಿಕೆ ಚದರ ಮೀಟರಿಗೆ ಐದು. ಈ ವರ್ಷ ಎರಡು.
ಇದನ್ನು ಸಾಧನೆ ಎಂಬ ತಲೆಬರಹದಡಿ
ಯಾವ ಮುಖ ಹೊತ್ತು ಬರೆಯಲಿ?

ಇತರೆ: ಎಣಿಸುತ್ತಿದ್ದೇವೆ, ಎಂದು ಬರೆದೆ.
ಅಂಕಿ ಮಾತ್ರ ನಮೂದಿಸಿ, ಅಂತು ಫಾರಮ್ಮು.

ಅದನ್ನು ಹಾಗೇ ಬಿಟ್ಟು ಬಜೆಟ್ಟಿನ ಪುಟಕ್ಕೆ ಹೋದೆ.
ಕಾವಲು, ಹದಿನೈದು ದಿನ ಎಂದಿದ್ದುದನ್ನು
ಮೂವತ್ತು ಎಂದು ತಿದ್ದಿದೆ.
ದುಡ್ಡೆಲ್ಲಿ ಎಂದು ನಾಗ್ವೇಕರ್ ಮಾಮ ಕೇಳಿಯೇ ಕೇಳುತ್ತಾನೆ.
ಬಳೆ ಇನ್ನೊಂದಿದೆ.

ಫೋನು ಮಿನುಗಿತು. ಕಾಯ್ತಾನ್:
ನಾಳೆ ಇಳಿತ ಐದೂ ಇಪ್ಪತ್ತಕ್ಕೆ.
ಈ ಸಲವಾದರೂ ಬೂಟು ಮರೆಯಬೇಡ.